ನಿನ್ನೆಯೇ ಹೊರಟ ಅತ್ತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಸುಗಂಧಿ ಹೇಳುತ್ತಾಳೆ. ಸುಳ್ಳು. ಮೂಗಿನ ತುದಿಯವರೆಗೆ ನಡೆದು ಹೋಗುವಷ್ಟು ತಾಳ್ಮೆ ನನ್ನ ಸಿಟ್ಟಿಗೆ ಇಲ್ಲ. ಆದರೆ ನೀವೇ ಹೇಳಿ ಮಾರಾಯ್ರೆ, ಶಿವರಾತ್ರಿಗೆಂದು ಬಂದ ಅತ್ತೆ ದೀಪಾವಳಿ ಮುಗಿದರೂ ಹೊರಡದಿದ್ದರೆ ಯಾವ ಅಳಿಯ ತಣ್ಣಗಿರುತ್ತಾನೆ? ತಪ್ಪು ಅವರದ್ದಲ್ಲ, ಕೊರೋನದ್ದು. ವಿಮಾನಗಳೆಲ್ಲ ನೆಲ ಹಿಡಿದು ಕೂತಿದ್ದವು. ಅದು ನನಗೂ ಗೊತ್ತು. ಆದರೆ ಕೊರೋನಕ್ಕೆ ಬೈದರೆ ಅದು ಮುಖ ಸಣ್ಣ ಮಾಡುವುದಿಲ್ಲವಲ್ಲ!

ನಾನು ಅಡುಗೆಯವ, ಹೆಸರು ವಿಠಲ. ಐದನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು, ಉಡುಪಿಯ ಹೋಟೆಲುಗಳಲ್ಲಿ ಹೊಗೆ ಕುಡಿದು, ಕೊನೆಗೆ ಮಲೇಶಿಯಾದ ಈ ನಿಲಾಯ್ ಎಂಬ ಕಾಲೇಜು ಊರಿನಲ್ಲಿ ನಮ್ಮ ಕಡೆಯ ಮಕ್ಕಳಿಗಾಗಿ ಮೆಸ್ಸು ತೆರೆದವ. ಆ ವರ್ಷ ಮಕ್ಕಳೆಲ್ಲ ಹೋಗಿಬಿಟ್ಟಿದ್ದರು. ಎದುರಿನ ಹಾಸ್ಟೆಲ್ಲು ಪೂರಾ ಖಾಲಿ. ನಾಲ್ಕನೇ ಮಹಡಿಯಲ್ಲಿ ಯಾವನೋ ಮರೆತು ಹೋದ ಬಿಳಿ ಅಂಗಿ ತಿಂಗಳುಗಟ್ಟಲೆ ಹಗ್ಗದ ಮೇಲೆ ಕೈ ಬೀಸುತ್ತಿತ್ತು. ಗಾಳಿ ಇಲ್ಲದ ದಿನವೂ ಬೀಸುತ್ತಿತ್ತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಹೀಗೆ ತಿನ್ನುವವರೇ ಇಲ್ಲದ ಮೆಸ್ಸಿನಲ್ಲಿ ರುಚಿ ನೋಡುವವರು ಒಬ್ಬರೇ ಉಳಿದರು, ನನ್ನ ಅತ್ತೆ ವಾರಿಜಮ್ಮ. ನನ್ನ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ "ಪಾಪ" ಎನ್ನುತ್ತಿದ್ದರು. ಅಷ್ಟೇ. ಪಾಪ ಯಾರು, ಸಾರೋ ನಾನೋ, ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಲಗುವ ಕೋಣೆ, ಮಂಚ, ಫ್ಯಾನು ಎಲ್ಲ ಅವರ ಸ್ವಾಧೀನ. ಮನೆಯ ಯಜಮಾನನಾದ ನಾನು ಅಕ್ಕಿ ಮೂಟೆಗಳ ಮೇಲೆ ಶಯನ.

ಹೀಗಿರುವಾಗ ಬೆಂಗಳೂರಿಗೆ ಒಂದು ವಿಶೇಷ ವಿಮಾನ ಹೊರಡುತ್ತದೆ ಎಂಬ ಸುದ್ದಿ ಬಂತು. ಇದು ತಪ್ಪಿದರೆ ಮುಂದಿನದು ಯಾವಾಗ ಎಂದು ಬಿಡುವವರಿಗೇ ಗೊತ್ತಿರಲಿಲ್ಲ. ಅತ್ತೆಗೆ ಸೀಟು ಸಿಕ್ಕಿತು. ಅದೇ ವಿಮಾನಕ್ಕೆ ಇಲ್ಲಿಯ ಯೂನಿವರ್ಸಿಟಿಯ ಲೆಕ್ಚರರೊಬ್ಬರ ತಂದೆತಾಯಿ, ಮೈಸೂರಿನ ನಂಜುಂಡಪ್ಪ ಮತ್ತು ಚಂದ್ರಮ್ಮ, ಅವರಿಗೂ ಸಿಕ್ಕಿತು. ಮೂವರನ್ನೂ ಏರ್‌ಪೋರ್ಟಿಗೆ ಮುಟ್ಟಿಸುವ ಪುಣ್ಯಕಾರ್ಯವನ್ನು ನಾನೇ ಎಳೆದುಕೊಂಡೆ. ಅತ್ತೆಯನ್ನು ಕಳಿಸಲಿಕ್ಕೆ ನಾನು ಹೊತ್ತು ನಡೆಯಲಿಕ್ಕೂ ತಯಾರಿದ್ದೆ.

ಹೊರಬೇಕಾಗಲಿಲ್ಲ. ಕುಮರೇಸನ್ ಎಂಬ ತಮಿಳಿನವನ ಖಾಸಗಿ ವ್ಯಾನು ಸಿಕ್ಕಿತು.

"ಅಣ್ಣೇ, ನೋ ಪ್ರಾಬ್ಲಂ ಲಾ. ಆದ್ರೆ ಪೊಲೀಸ್ ಪರ್ಮಿಟ್‌ನಲ್ಲಿ ನಾಲ್ಕೇ ಪ್ಯಾಸೆಂಜರ್. ಒಂದು ತಲೆ ಜಾಸ್ತಿ ಕಂಡ್ರೂ ನನ್ ಲೈಸೆನ್ಸ್ ಹೋಗುತ್ತೆ."

"ನಾಲ್ಕೇ. ಮೂರು ಮುದಿ ತಲೆ, ಒಂದು ನಂದು," ಎಂದೆ.

ಅಡ್ಡಿ ಬಂದದ್ದು ಪಂಚಾಂಗದಿಂದ. ಹೊರಡುವ ದಿನ ಮಂಗಳವಾರ, ಸಾಲದ್ದಕ್ಕೆ ಅಮಾವಾಸ್ಯೆ. ಅತ್ತೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಘೋಷಿಸಿದರು: "ನಾನು ಹೋಗುವುದಿಲ್ಲ."

"ವಿಮಾನಕ್ಕೆ ಅಮಾವಾಸ್ಯೆ ಗೊತ್ತಿಲ್ಲ!" ಎಂದು ನಾನು ಕಿರುಚಿದೆ.

"ಗೊತ್ತಿಲ್ಲದ್ದರಲ್ಲಿ ಕೂರುವುದು ಹೇಗೆ?" ಎಂದರು.

ಸುಗಂಧಿಯೇ ದಾರಿ ಹುಡುಕಿದಳು. "ಅಮ್ಮಾ, ಸೋಮವಾರವೇ ಪ್ರಸ್ಥಾನ ಇಟ್ಟುಬಿಡುವ."

ಪ್ರಸ್ಥಾನ ಎಂದರೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದ ಈಗಿನವರಿಗಾಗಿ ಹೇಳುತ್ತೇನೆ. ಹೊರಡುವ ದಿನ ಕೆಟ್ಟದಾದರೆ, ಒಳ್ಳೆಯ ದಿನವೇ ನಮ್ಮದೊಂದು ಗಂಟನ್ನು ಮನೆಯಿಂದ ಆಚೆ, ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟಿತು ಎಂದರೆ ನಾವು ಹೊರಟಂತೆಯೇ. ಆಮೇಲೆ ಮೈ ಯಾವಾಗ ಹೋದರೂ ದೋಷವಿಲ್ಲ. ಆದರೆ ಇಟ್ಟ ಜಾಗದಿಂದ ಅದನ್ನು ಹೊರಟವರೇ ಎತ್ತಿಕೊಂಡು ಮುಂದೆ ನಡೆಯಬೇಕು. ಬೇರೆ ಯಾರೂ ಅಲುಗಿಸುವಂತಿಲ್ಲ.

ಗಂಟು ಸಿದ್ಧವಾಯಿತು. ಅಡಿಯಲ್ಲಿ ಅಕ್ಕಿ ತುಂಬಿದ ಚೀಲ, ಅದರೊಳಗೆ ಅತ್ತೆಯ ಹಿತ್ತಾಳೆ ಕುಟ್ಟಾಣಿ, ಮೇಲೆ ಜುಟ್ಟಿನ ತೆಂಗಿನಕಾಯಿ, ಕಾಯಿಗೆ ಎರಡು ಕುಂಕುಮದ ಬೊಟ್ಟು, ಎಲ್ಲದರ ಮೇಲೆ ಅವರ ಹಳೆಯ ಕಂದು ಶಾಲು. ಹೊರಗೆ ಹೋಗುವ ವಸ್ತುವಿಗೆ ಇರಲಿ ಎಂದು ಸುಗಂಧಿ ಕಾಯಿಗೊಂದು ಮಾಸ್ಕೂ ಕಟ್ಟಿದಳು. ಈಗ ಇಡುವುದೆಲ್ಲಿ? ಆ ದಿನಗಳಲ್ಲಿ ನೆರೆಯವರು ಬಾಗಿಲು ತೆರೆಯುತ್ತಿರಲಿಲ್ಲ. ಪಕ್ಕದ ಚೀನೀ ಅಜ್ಜಿ ಕಿಟಕಿಯ ಸಂದಿಯಿಂದಲೇ ಗಂಟನ್ನು ನೋಡಿ, ಔಷಧಿ ಸಿಂಪಡಿಸಿ, ಕಿಟಕಿ ಮುಚ್ಚಿದಳು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕುಮರೇಸನ್‌ನ ವ್ಯಾನು! ಅದೂ ಬೇರೆಯವರದ್ದೇ. ಮನೆಗೆ ಚಕ್ರ ಇರಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಸೋಮವಾರ ಬೆಳಿಗ್ಗೆ ವ್ಯಾನು ತರಿಸಿ ಗಂಟನ್ನು ನಡುವಿನ ಸೀಟಿನ ಮೇಲೆ ಪ್ರತಿಷ್ಠಾಪಿಸಿದೆ. ಅತ್ತೆ ಬಾಗಿಲಲ್ಲೇ ನಿಂತು ಕೈಮುಗಿದು, "ಹೊರಟಾಯ್ತು" ಎಂದರು. ಆಮೇಲೆ ಇಡೀ ದಿನ ನನ್ನ ಸಾರಿನ ಬಗ್ಗೆ ಒಂದು ಮಾತಿಲ್ಲ. ಹೊರಟವರು ಮಾತಾಡಬಾರದಂತೆ. ಮನೆಯಲ್ಲಿ ಅವರು ನಡೆದಾಡುತ್ತಿದ್ದರು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಆ ಮೌನ ಮೊದಲು ಹಬ್ಬದಂತಿತ್ತು. ಸಂಜೆಯ ಹೊತ್ತಿಗೆ ನಾನು ಮನೆಯ ದೀಪಗಳನ್ನೆಲ್ಲ ಹಚ್ಚಿಟ್ಟೆ.

ಮಂಗಳವಾರ ಬೆಳಿಗ್ಗೆ ಕುಮರೇಸನ್ ಫೋನು. "ಅಣ್ಣೇ, ನಿಮ್ ಮನೆ ಪಾಟಿ, ಅಜ್ಜಿ, ಸೀಟಲ್ಲಿ ಕೂತಿದಾರೆ."

"ಅದು ಗಂಟು ಮಾರಾಯ."

"ನಂಗೆ ಗೊತ್ತು ಲಾ. ಗಾಡಿಗೆ ಗೊತ್ತಿಲ್ಲ. ಸೀಟಲ್ಲಿ ಜನ ಇದಾರೆ, ಬೆಲ್ಟ್ ಹಾಕಿಲ್ಲ ಅಂತ ಕೂಗ್ತಾ ಇತ್ತು. ಹಾಕ್ದೆ. ಸುಮ್ನಾಯ್ತು. ಅಣ್ಣೇ, ನನ್ ಹೆಂಡ್ತಿ ಆ ಕಡೆ ಹೋಗಲ್ಲ ಅಂತಾಳೆ."

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಹೊರಟೆವು. ನಂಜುಂಡಪ್ಪ ದಂಪತಿಗೆ ಮಗ ತಲೆಯಿಂದ ಕಾಲಿನವರೆಗೆ ಬಿಳಿ ಗೌನು ತೊಡಿಸಿ ಕಳಿಸಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರೂ ಎರಡು ಬಿಳಿ ಕಂಬಗಳಂತೆ ಕೂತರು. ಅತ್ತೆ ಮುಂದೆ, ಕುಮರೇಸನ್‌ನ ಪಕ್ಕ. ನಾನು ನಡುವೆ, ಗಂಟಿನ ಜೊತೆ. ಮೂವರ ಪಾಸ್‌ಪೋರ್ಟು, ಟಿಕೆಟ್ಟು, ಕೊರೋನ ಇಲ್ಲವೆಂಬ ಸರ್ಟಿಫಿಕೇಟು ಎಲ್ಲ ಇದ್ದ ಫೈಲು ನನ್ನ ಕಂಕುಳಲ್ಲಿ. ನಾಯಕನೆಂದರೆ ಹಾಗೆ. ಫೋನಿನಲ್ಲಿ ಚಾರ್ಜಿಲ್ಲ ಎಂದು ಅದನ್ನು ಕುಮರೇಸನ್‌ಗೆ ಕೊಟ್ಟು ಮುಂದೆ ಸಿಕ್ಕಿಸಿದೆ.

ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಸಿಗ್ನಲ್ಲುಗಳು ಯಾರಿಗೋ ಕೆಂಪು ತೋರಿಸಿ ಯಾರಿಗೋ ಹಸಿರು ತೋರಿಸುತ್ತಿದ್ದವು. ಪೆಟ್ರೋಲ್ ಬಂಕಿನ ಪಂಪುಗಳ ಮೇಲೆ ಕೋತಿಗಳು ಕೂತು ನಮ್ಮನ್ನೇ ನೋಡಿದವು. ವ್ಯಾನಿನೊಳಗೆ ಐಸಿನ ಪೆಟ್ಟಿಗೆಯ ಚಳಿ. ಪ್ರತಿ ತಿರುವಿನಲ್ಲೂ ಗಂಟು ವಾಲಿ ನನ್ನ ಭುಜದ ಮೇಲೆ ತಲೆ ಇಡುತ್ತಿತ್ತು. ಕಾಯಿಯ ಜುಟ್ಟು ಕಿವಿಗೆ ತಾಗುತ್ತಿತ್ತು. ಒಂದು ತಿರುವಿನಲ್ಲಿ ನಾನೇ ಮೈಮರೆತು, "ಸ್ವಲ್ಪ ಸರಿದು ಕೂತ್ಕೊಳ್ಳಿ" ಎಂದುಬಿಟ್ಟೆ.

ಹಿಂದಿನಿಂದ ಚಂದ್ರಮ್ಮ ಪಿಸುಗುಟ್ಟಿದರು, "ಏನ್ರೀ, ಅದ್ರ ಜೊತೆ ಮಾತಾಡ್ತಾವ್ರೆ."

"ಸುಮ್ನಿರೇ," ಎಂದರು ನಂಜುಂಡಪ್ಪ. "ಅದು ಉತ್ತರ ಕೊಡದಿದ್ರೆ ಸಾಕು."

ರಾಜ್ಯದ ಗಡಿಯಲ್ಲಿ ಪೊಲೀಸ್ ತಡೆ. ಎಳೆಯ ಪೊಲೀಸಿನವನು ಜ್ವರದ ಪಿಸ್ತೂಲು ಹಿಡಿದು ಒಬ್ಬೊಬ್ಬರ ಹಣೆಗೆ ಗುರಿಯಿಟ್ಟ. ಅತ್ತೆ, ಸರಿ. ಬಿಳಿ ಕಂಬಗಳು, ಸರಿ. ನಾನು, ಸರಿ. ಕೊನೆಗೆ ಗಂಟಿನ ಹಣೆಗೆ ಹಿಡಿದ. ಪಿಸ್ತೂಲು ಕೀಚ್ ಎಂದಿತು. ಅವನು ಅದನ್ನು ನೋಡಿದ, ಗಂಟನ್ನು ನೋಡಿದ, ಮತ್ತೊಮ್ಮೆ ಹಿಡಿದ. ಶಾಲಿನ ನೆರಳಲ್ಲಿ, ಮಾಸ್ಕಿನ ಮೇಲೆ, ಕುಂಕುಮದ ಎರಡು ಬೊಟ್ಟು ಕೆಂಗಣ್ಣುಗಳಂತೆ ಅವನನ್ನೇ ದಿಟ್ಟಿಸುತ್ತಿದ್ದವು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮಾಯತ್?" ಎಂದ, ಉಸಿರಿನಲ್ಲೇ. ಹೆಣ ಎಂದರ್ಥ. ಆ ವರ್ಷ ಆ ಶಬ್ದ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಪ್ರಸ್ಥಾನವನ್ನು ಪರದೇಶದ ಪೊಲೀಸಿಗೆ ವಿವರಿಸುವುದು ಹೇಗೆ? ನನಗೆ ಬರುವ ಇಂಗ್ಲಿಷೆಲ್ಲ ಒಟ್ಟುಮಾಡಿ ಇದ್ದ ಸತ್ಯವನ್ನೇ ಹೇಳಿದೆ: "ನೋ ಸಾರ್. ಮೈ ಮದರ್ ಇನ್ ಲಾ. ಯೆಸ್ಟರ್‌ಡೇ ಆಲ್ರೆಡಿ ಗೋ."

ನಾಲ್ಕು ಜನ ಪೊಲೀಸರು ವ್ಯಾನು ಸುತ್ತುವರಿದರು.

ದೊಡ್ಡ ಸಾಹೇಬ ಬಂದು ಕೋಲಿನಿಂದ ಶಾಲು ಎತ್ತಿದ. ಕಾಯಿ ಕಂಡಿತು. ಯಾರೂ ನಗಲಿಲ್ಲ. ಆತ ಪರ್ಮಿಟ್ಟು ನೋಡಿ, ನಮ್ಮ ನಡುವೆ ಒಂದು ಸೀಟು ಖಾಲಿ ಇರಬೇಕು, ಇದನ್ನು ಇಳಿಸಿ ಡಿಕ್ಕಿಗೆ ಹಾಕಿ ಎಂದ.

"ಮುಟ್ಟಬಾರದು!" ಎಂದರು ಅತ್ತೆ. ಹೊರಟ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು. "ಅದು ಇಳಿದರೆ ನಾನೂ ಇಳಿಯುತ್ತೇನೆ. ಮನೆಗೆ ನಡೆಯುತ್ತೇನೆ."

ಮನೆಗೆ! ನನ್ನ ಕಣ್ಣ ಮುಂದೆ ಅಕ್ಕಿ ಮೂಟೆ ಬಂದು ನಿಂತಿತು. ನೆತ್ತಿಗೇರಿತು ನೋಡಿ.

"ಒಂದು ತೆಂಗಿನಕಾಯಿಗೆ ಸೀಟು, ನನಗೆ ಇಲ್ಲವಾ? ಕೂರಲಿ! ನಾನೇ ಇಳಿಯುತ್ತೇನೆ! ಹೋಗಿ, ಎಲ್ಲರೂ ಹೋಗಿ, ಒಮ್ಮೆ ತೊಲಗಿ!" ಎಂದು ಹಾರಿ ಇಳಿದು, ಗಾಜು ಒಡೆಯುವ ಹಾಗೆ ಬಾಗಿಲು ಬಡಿದೆ. ಸಾಹೇಬ ಕೈ ಬೀಸಿದ. ಕುಮರೇಸನ್ ಕಾಯುತ್ತಿದ್ದದ್ದೇ ಅದನ್ನು. ವ್ಯಾನು ಬಿಟ್ಟ ಬಾಣ.

ಎದೆಯುಬ್ಬಿಸಿ ಸೊಂಟಕ್ಕೆ ಕೈ ಇಡಲು ಹೋದೆ. ಕೈ ಸೊಂಟಕ್ಕೆ ತಲುಪಲಿಲ್ಲ. ಕಂಕುಳಲ್ಲಿ ಫೈಲು ಇತ್ತು.

ಕೂಗಿದೆ. ಓಡಿದೆ. ವ್ಯಾನು ಬಿಸಿಲುಗುದುರೆಯಲ್ಲಿ ಕರಗಿತು. ಎಳೆಯ ಪೊಲೀಸಿನವನು, ಅವರೇ ವಾಪಸು ಬರುತ್ತಾರೆ, ರಸ್ತೆ ಪಕ್ಕದ ಪೊಲೀಸ್ ಡೇರೆಯಲ್ಲಿ ಕೂತಿರು ಎಂದು ಸನ್ನೆ ಮಾಡಿದ. ಒಳ್ಳೆಯ ಸಲಹೆ. ಸಿಟ್ಟಿನವನಿಗೆ ಕೂರಲಿಕ್ಕೆ ಹೇಳಿದರೆ ಕೂರುತ್ತಾನಾ? ಏರ್‌ಪೋರ್ಟು ಆ ಎಣ್ಣೆ ತಾಳೆಯ ತೋಟದ ಆಚೆಗೇ ಎಂದು ನನಗೆ ಗೊತ್ತಿತ್ತು. ಡೇರೆಯ ಹಿಂದಿನಿಂದ ನುಸುಳಿ ತೋಟಕ್ಕೆ ನುಗ್ಗಿದೆ, ಅಡ್ಡದಾರಿ ಹಿಡಿದು ವ್ಯಾನಿಗಿಂತ ಮೊದಲೇ ಮುಟ್ಟುವ ಪರಾಕ್ರಮದಲ್ಲಿ.

ತಾಳೆತೋಟದೊಳಗೆ ನೀವು ಹೋಗಿದ್ದೀರೋ ಇಲ್ಲವೋ. ಹೋಗಬೇಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹಾಳು ಗುಡಿಯ ಕತ್ತಲೆ. ಯಾವ ಕಡೆ ತಿರುಗಿದರೂ ಅದೇ ಸಾಲು, ಅದೇ ಮರ, ಅದೇ ದೂರ. ಹಕ್ಕಿಯ ದನಿ ಇಲ್ಲ. ನಾನು ನಿಂತರೆ ನನ್ನ ಹಿಂದಿನ ಒಣಗರಿಗಳ ಸದ್ದು ಒಂದು ಹೆಜ್ಜೆ ತಡವಾಗಿ ನಿಲ್ಲುತ್ತಿತ್ತು. ಒಂದು ಮರದ ಬುಡದಲ್ಲಿ ಕೆಂಪು ಬಟ್ಟೆ ಕಟ್ಟಿದ ಕಲ್ಲು, ಅದರ ಮುಂದೆ ಮುಚ್ಚಳ ತೆರೆದ ಸೋಡಾ ಬಾಟಲಿ. ಬಾಟಲಿಯಲ್ಲಿ ಇನ್ನೂ ಗುಳ್ಳೆ ಏಳುತ್ತಿತ್ತು. ಇಟ್ಟವರು ಕಾಣಲಿಲ್ಲ.

ನನ್ನ ಸಿಟ್ಟು ಎಲ್ಲಿ ಉದುರಿತೋ ಗೊತ್ತಾಗಲಿಲ್ಲ. ಆಗ ಕೇಳಿಸಿತು.

"ವಿಠಲಾ..."

ಅತ್ತೆಯ ದನಿ. ಅತ್ತೆ ಏರ್‌ಪೋರ್ಟಿನಲ್ಲಿ ಇರಬೇಕಾದವರು. ಮೇಲಾಗಿ ಮದುವೆಯಾದಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅತ್ತೆಯಾದವಳು ಅಳಿಯನ ಹೆಸರು ಹೇಳುವುದುಂಟೇ? ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು, ನಿರ್ಜನದಲ್ಲಿ ಕಾಣದ ದನಿ ಹೆಸರು ಕರೆದರೆ ಓಗೊಡಬಾರದು. ಮನುಷ್ಯರಾದರೆ ಮೂರನೆಯ ಸಲ ಕರೆಯುತ್ತಾರೆ. ಬೇರೆಯವಕ್ಕೆ ಎರಡೇ.

"ವಿಠಲಾ..."

ಎರಡು. ಬಾಯಿಗೆ ಫೈಲು ಒತ್ತಿಕೊಂಡು ಮರಕ್ಕೆ ಅಂಟಿ ನಿಂತೆ. ಮೂರನೆಯದಕ್ಕಾಗಿ ಕಾದೆ. ಬರಲಿಲ್ಲ. ಗರಿಗಳು ಸರ್‍ರೆಂದವು, ಅಷ್ಟೇ. ನಾನು ದನಿ ಬಂದ ದಿಕ್ಕಿಗೆ ಬೆನ್ನು ಹಾಕಿ ಓಟ ಕಿತ್ತೆ.

ಎಷ್ಟು ಸುತ್ತಿದೆನೋ. ಬಿಸಿಲು ವಾಲಿದ ಮೇಲೆ ತಲೆಯ ಮೇಲೆ ಗುಡುಗಿನಂಥ ಸದ್ದು. ಗರಿಗಳ ಸಂದಿಯಿಂದ ನೋಡಿದೆ. ವಿಮಾನ. ಇಡೀ ಆಕಾಶದಲ್ಲಿ ಒಂದೇ ವಿಮಾನ, ಹೊಟ್ಟೆ ತೋರಿಸುತ್ತ ಹೋಯಿತು. ಅದಕ್ಕೆ ಬೇಕಾದ ಮೂರು ಪಾಸ್‌ಪೋರ್ಟು ನನ್ನ ಎದೆಯ ಮೇಲಿದ್ದವು.

ಬೆಳಕಿರುವಾಗಲೇ ತೋಟದಿಂದ ಹೊರಬಿದ್ದೆ. ಎಲ್ಲಿಗೆ ಎಂದು ಕೇಳುತ್ತೀರಾ? ಅದೇ ಡೇರೆಯ ಹಿಂದಕ್ಕೆ. ಎಳೆಯ ಪೊಲೀಸಿನವನು ತಲೆ ಚಚ್ಚಿಕೊಂಡು ನನ್ನನ್ನು ಜೀಪಿನಲ್ಲಿ ಮನೆಗೆ ತಂದು ಬಿಟ್ಟ.

ಬಾಗಿಲು ತೆರೆದೇ ಇತ್ತು. ಮಲಗುವ ಕೋಣೆಯಲ್ಲಿ ನನ್ನ ಮಂಚದ ಮೇಲೆ ನಂಜುಂಡಪ್ಪ ದಂಪತಿ. ಅವರು ಹೊರಟ ಮೇಲೆ ಮಗನ ಕಟ್ಟಡದಲ್ಲಿ ಯಾರಿಗೋ ಸೋಂಕು ಬಂದು ಸುತ್ತ ಮುಳ್ಳುತಂತಿ ಎಳೆದಿದ್ದಾರಂತೆ, ಒಳಗೆ ಬಿಡುವುದಿಲ್ಲವಂತೆ.

"ಬನ್ನಿ ಸ್ವಾಮಿ," ಎಂದರು ನಂಜುಂಡಪ್ಪ, ನನ್ನ ಮನೆಗೆ ನನ್ನನ್ನೇ ಸ್ವಾಗತಿಸಿ. "ನಿಮ್ಮತ್ತೆ ಅಕ್ಕಿ ಮೂಟೆ ಮೇಲೆ ಮಲಗ್ತೀನಿ ಅಂತಾವ್ರೆ. ನಿಮಗೆ ಎಲ್ಲಾದ್ರೂ ಅಡ್ಜಸ್ಟ್ ಆಯ್ತದಲ್ವಾ?"

ಅಡುಗೆಮನೆಯಿಂದ ಅತ್ತೆ ಬಂದರು. ಅವರ ಕಣ್ಣು ಕೆಂಪಾಗಿತ್ತು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಬೈಯಲಿಲ್ಲ.

"ಏರ್‌ಪೋರ್ಟಿನ ಬಾಗಿಲಿಂದ ತಿರುಗಿ ಬಂದೆವು. ನೀವು ತೋಟಕ್ಕೆ ಹೋದಿರಿ ಅಂದರು ಪೊಲೀಸರು. ಹಾವೋ ಹುಳವೋ ಅಂತ ನನ್ನ ಜೀವ ಬಾಯಿಗೆ ಬಂತು. ನಾಚಿಕೆ ಬಿಟ್ಟು ಹೆಸರು ಹಿಡಿದೇ ಕೂಗಿದೆ. ಎರಡು ಸಲ ಕೂಗಿದೆ. ಮೂರನೆಯದಕ್ಕೆ ಬಾಯಿ ತೆರೆದೆ, ಪೊಲೀಸಿನವ ಬಂದು ಮಾಸ್ಕು ಮೇಲೆ ಏರಿಸಿ ನಮ್ಮನ್ನು ವ್ಯಾನಿಗೆ ಹತ್ತಿಸಿ ಮನೆಗೆ ಅಟ್ಟಿದ. ಕೇಳಿಸಲಿಲ್ಲವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಮ್ಮನ್ನು ದೆವ್ವವೆಂದು ತಿಳಿದು ಓಡಿದೆ ಎಂದು ಅತ್ತೆಗೆ ಹೇಳಿ ಬದುಕಿ ಉಳಿದ ಅಳಿಯ ಇದ್ದರೆ ತೋರಿಸಿ.

"ಕೇಳಿಸಲಿಲ್ಲ," ಎಂದೆ.

"ಅಷ್ಟು ಹತ್ತಿರದಿಂದ ಕೂಗಿದ್ದು? ಪಾಪ!" ಎಂದರು ಅತ್ತೆ. ಈ ಸಲ ಪಾಪ ಯಾರೆಂದು ಕೇಳಬೇಕಾಗಲಿಲ್ಲ. "ಸುಗಂಧೀ, ಬೆಳ್ಳುಳ್ಳಿ ಹಾಕಿ ಎಣ್ಣೆ ಬಿಸಿ ಮಾಡು. ಇವರಿಗೆ ಕಿವಿ ಹೋಗಿದೆ. ಸಾರಿನ ಕುದಿ ಕೂಡ ಕೇಳದ ಅಡುಗೆಯವರನ್ನು ನಿನ್ನ ಕೈಗೆ ಬಿಟ್ಟು ನಾನು ಹೇಗೆ ಹೋಗಲಿ? ಮುಂದಿನ ವಿಮಾನ ಬಂದರೆ ಬರಲಿ, ಹೋದರೆ ಹೋಗಲಿ. ಇವರ ಕಿವಿ ಸರಿಯಾಗುವವರೆಗೆ ನಾನು ಇಲ್ಲೇ."

ಮುಂದಿನ ವಿಮಾನ ಬಂತು. ನಂಜುಂಡಪ್ಪ ದಂಪತಿ ಹೋದರು. ಅತ್ತೆ ಇದ್ದಾರೆ. ದಿನಾ ಬೆಳಿಗ್ಗೆ ನನ್ನ ಕಿವಿಗೆ ಎಣ್ಣೆ ಬಿಡುತ್ತಾರೆ, ಆಮೇಲೆ ಹಿಂದೆ ನಿಂತು ಹೆಸರು ಹಿಡಿದು ಕರೆದು ಪರೀಕ್ಷೆ ಮಾಡುತ್ತಾರೆ. ಓಗೊಟ್ಟರೆ ಅವರು ಊರಿಗೆ ಹೊರಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಬೆನ್ನ ಹಿಂದಿನಿಂದ ಆ ದನಿ "ವಿಠಲಾ" ಎಂದ ಕೂಡಲೇ ನನ್ನ ನಾಲಗೆ ತಾಳೆತೋಟಕ್ಕೆ ಓಡಿಹೋಗುತ್ತದೆ. ಮತ್ತೆ ಅವರು ಕರೆಯುವುದು ಯಾವಾಗಲೂ ಎರಡೇ ಸಲ.