ಸ್ನಾನದ ತೊಟ್ಟಿಯ ನೆಂಟರು

ಬೆಳಗಿನ ಟಿವಿಯಲ್ಲಿ ಗಾಳಿಯ ಬಾಣ ಕಗೋಶಿಮಾ ಪೇಟೆಯ ಕಡೆಗೇ ತಿರುಗಿತ್ತು. ಕೊಲ್ಲಿಯ ಆಚೆ ಬೂದಿ ಉಗುಳುವ ಸಕುರಾಜಿಮಾ ಜ್ವಾಲಾಮುಖಿ ಬೀಡಿ ಹಚ್ಚಿದ ಮುದುಕನಂತೆ ಕೆಮ್ಮುತ್ತ ಕೂತಿತ್ತು.

ಬೇರೆ ದಿನವಾಗಿದ್ದರೆ ಸಮೆಶಿಮಾ ಯಸುವೊ ಒಗೆದ ಬಟ್ಟೆ ಒಳಗೆ ತಂದು ಸುಮ್ಮನಾಗುತ್ತಿದ್ದ. ಆದರೆ ಹಿತ್ತಲ ಕೊಳದಲ್ಲಿ ಹೆಂಡತಿಯ ಅಣ್ಣ ಕಬಯಾಮಾನ ಬಣ್ಣಬಣ್ಣದ ಕೊಯಿ ಮೀನುಗಳಿದ್ದವು. "ನನ್ನ ಹೊಸ ಕೊಳ ಆಗೋವರೆಗೆ ಇರಲಿ" ಎಂದು ಬಿಟ್ಟುಹೋದವನು ಇವತ್ತು ಸಂಜೆ ಒಯ್ಯಲು ಬರುವವನಿದ್ದ. ಅವನಿಗೆ ಅವು ಮೀನಲ್ಲ, ಮಕ್ಕಳು. ಒಂದು ಸತ್ತರೂ ಮಾವನ ಮನೆಯಲ್ಲಿ ಸಮೆಶಿಮಾ ಮುಖ ತೋರಿಸುವಂತಿರಲಿಲ್ಲ. ಸಂಜೆಯವರೆಗೆ ಉಸಿರಾಡಿಕೊಂಡಿದ್ದರೆ ಸಾಕು, ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಬೇಕು. ಅವನ ಬದುಕಿನಲ್ಲಿದ್ದ ಸುಖ ಅದೊಂದೇ.

ಕೊಳದ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಿದ್ದಂತೆ ಬೇಲಿಯಾಚೆಯಿಂದ ಇರಿಕಿ ಅಜ್ಜಿಯ ತಲೆ ಮೂಡಿತು.

"ಅಯ್ಯೋ, ಹಂಗೆ ಮುಚ್ಚಿದ್ರೆ ಉಸಿರುಕಟ್ಟಿ ಸಾಯ್ತವಪ್ಪ!"

ಅವನು ಅರ್ಧ ತೆಗೆದ. ಎದುರುಮನೆಯ ಹಿದಾಕಾ ಬಂದ.

"ತೆಗೀತಿದ್ದೀಯಾ? ಬೂದಿ ಬಿದ್ದು ನೀರು ಹುಳಿಯಾದ್ರೆ ಮೀನಿನ ಉಪ್ಪಿನಕಾಯಿ ಆಗುತ್ತೆ. ಸಿಂಪಿಚಿಪ್ಪು ಹಾಕು, ಹುಳಿ ಮುರಿಯುತ್ತೆ."

"ಚಿಪ್ಪು ಕರಗೋ ಹೊತ್ತಿಗೆ ಮಳೇನೂ ಬಂದಿರುತ್ತೆ," ಎಂದಳು ಅಜ್ಜಿ. "ಸುಮ್ನೆ ಸ್ನಾನದ ತೊಟ್ಟಿಗೆ ಹಾಕು. ಹೆಂಗೂ ಮುಚ್ಚಳ ಇದೆ."

"ನಲ್ಲಿ ನೀರು ಬೇಡ ಮತ್ತೆ. ಔಷಧ ಹಾಕಿರ್ತಾರೆ," ಎಂದ ಹಿದಾಕಾ ಕೈಕಟ್ಟಿಕೊಂಡು.

ಸರಿ, ಸಮೆಶಿಮಾ ಕೊಳದ ನೀರನ್ನೇ ಬಕೆಟ್ಟು ಬಕೆಟ್ಟಾಗಿ ಹೊತ್ತ. ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟಿತು. ಮೀನು ಹಿಡಿಯಲು ಹೋಗಿ ತಾನೇ ಕೊಳಕ್ಕೆ ಬಿದ್ದ. ಕೊನೆಗೆ ನೆಂಟರೆಲ್ಲ ತೊಟ್ಟಿ ಸೇರಿದರು. ಗಾಳಿಗೆ ಸಂದು ಬಿಟ್ಟು ಮುಚ್ಚಳ ಹಾಕಿದ್ದೇ ತಡ, ಮನೆಯ ಬೆಕ್ಕು ಅದರ ಮೇಲೇರಿ ಕಾವಲು ಕೂತಿತು. ಅದನ್ನು ಎತ್ತಿ ಬಚ್ಚಲಿನಿಂದ ಹೊರಗೆ ಹಾಕಿ ಬಾಗಿಲೆಳೆದ.

ಮಧ್ಯಾಹ್ನ ಬೂದಿ ಸುರಿಯಿತು. ಹಿಂದೆಯೇ ಮಳೆ. ಅರ್ಧ ಮುಚ್ಚಿದ್ದ ಟಾರ್ಪಾಲು ಒದ್ದೆ ಬೂದಿಯ ಭಾರಕ್ಕೆ ಕುಸಿದು ಕೊಳವೆಲ್ಲ ಕರಿ ಗಂಜಿಯಾಯಿತು. "ಗೆದ್ದೆ!" ಎಂದುಕೊಂಡ ಸಮೆಶಿಮಾ, ಮಳೆ ನಿಂತ ಮೇಲೆ ಹಿತ್ತಲಲ್ಲಿ, ಬೂದಿಗೆಂದೇ ನಗರಸಭೆ ಕೊಡುವ ಹಳದಿ ಚೀಲಕ್ಕೆ ಬೂದಿ ತುಂಬುತ್ತ ಗುನುಗಿದ.

ಒಳಗೆ ಬಂದರೆ ಬಾಗಿಲಲ್ಲಿ ಕಬಯಾಮಾನ ಬೂಟು.

"ರೀ, ಅಣ್ಣ ಬೂದಿಗೊಂಬೆ ಥರ ಬಂದಿದ್ದಾನೆ. ಮೊದಲ ಸ್ನಾನ ನೆಂಟರಿಗೇ ಅಲ್ವಾ, ಕಳಿಸ್ದೆ," ಎಂದಳು ಬೆಳಗಿನಿಂದ ತವರಲ್ಲಿದ್ದು ಈಗಷ್ಟೇ ಅಣ್ಣನ ಜೊತೆ ಬಂದಿದ್ದ ಹೆಂಡತಿ ಫುಮಿ. "ನೀರು ತಣ್ಣಗಿತ್ತೇನೋ, ಕಾಯಿಸೋ ಗುಂಡಿ ಒತ್ತಲಾ?"

"ಬೇಡ!"

ಆ ಕೂಗಿಗೆ ಬೆಕ್ಕು ಬೀರುವಿನಡಿ ಸೇರಿತು. ಸಮೆಶಿಮಾ ಬಚ್ಚಲಿಗೆ ನುಗ್ಗಿದ. ತೊಟ್ಟಿಗೆ ಇಳಿಯುವ ಮುಂಚೆ ಮೈತೊಳೆಯಬೇಕೆಂದು ಹಿರಿಯರು ಮಾಡಿದ ಪದ್ಧತಿಗೆ ಜಯವಾಗಲಿ: ಕಬಯಾಮಾ ಇನ್ನೂ ಪುಟ್ಟ ಸ್ಟೂಲಿನ ಮೇಲೆ ಕೂತು ಬೆನ್ನುಜ್ಜುತ್ತಿದ್ದ.

"ಭಾವ, ಇಳೀಬೇಡಿ!" ಎನ್ನುತ್ತ ಸಮೆಶಿಮಾ ಮುಚ್ಚಳ ಸರಿಸಿದ.

ಕೆಂಪು ಬಿಳಿ ಮೀನುಗಳು ಸಾವಕಾಶ ಬಾಲವಾಡಿಸಿದವು. ಸೋಪಿನ ನೊರೆಯಲ್ಲಿದ್ದ ಕಬಯಾಮಾನ ಕಣ್ಣು ತುಂಬಿತು.

"ಯಸುವೊ! ನನ್ನ ಮಕ್ಕಳಿಗೋಸ್ಕರ ನಿನ್ನ ಸ್ನಾನದ ತೊಟ್ಟೀನೇ ಬಿಟ್ಕೊಟ್ಯಾ?"

"ಅದಕ್ಕೇನಂತೆ ಭಾವ. ಮೀನು ಒಯ್ಯೋಕೆ ಟಬ್ಬು ತಂದಿದ್ದೀರಲ್ಲ?"

"ಎಲ್ಲಿಗಪ್ಪ ಒಯ್ಯಲಿ? ನನ್ನ ಹೊಸ ಕೊಳಕ್ಕೆ ಮುಚ್ಚಳ ಮಾಡ್ಸೋದೇ ಮರ್ತಿದ್ದೆ. ಇವತ್ತು ಅದು ಬರೀ ಕೆಸರು. ಬೇಸಿಗೆ ಗಾಳಿ ತಿರುಗೋವರೆಗೆ ಇಲ್ಲೇ ಇರಲಿ. ನಿನ್ನಂಥ ಜವಾಬ್ದಾರಿ ಮನುಷ್ಯ ಇನ್ಯಾರಿದ್ದಾರೆ?"

ಸಮೆಶಿಮಾ ಟವೆಲು ಹೆಗಲಿಗೆ ಹಾಕಿಕೊಂಡು ಊರ ಬಿಸಿನೀರಿನ ಸ್ನಾನದ ಮನೆಗೆ ಹೊರಟ. ಗೇಟಿನ ಹತ್ತಿರ ಇರಿಕಿ ಅಜ್ಜಿ ಪುಟ್ಟ ಮೀನಿದ್ದ ಗಾಜಿನ ಬುಂಡೆ ಹಿಡಿದು ನಿಂತಿದ್ದಳು. ಹಿಂದೆ ಹಿದಾಕಾ, ಕಂಕುಳಲ್ಲಿ ಆಮೆ.

"ಸ್ನಾನದ ಮನೆಗಾ? ಬೂದಿ ತೊಳೀತಿದ್ದಾರೆ, ಇವತ್ತು ತೆಗೆಯಲ್ಲ," ಎಂದಳು ಅಜ್ಜಿ. "ಅದಿರಲಿ, ನಿನ್ನ ತೊಟ್ಟೀಲಿ ಇನ್ನೂ ಜಾಗ ಇದೆಯಂತಲ್ಲ?"