ಟವೆಲ್ಲಿನ ಕೆಳಗೆ ಕೊಂಡ ರೈಫಲ್ಲು

ರೈಫಲ್ಲಿನ ಮರದ ಹಿಡಿಯಲ್ಲಿ, ಬಲಗೆನ್ನೆ ಒರಗುವ ಜಾಗದಲ್ಲಿ, ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಸುಳಿ ಇತ್ತು. ಮರದ ಗೆರೆಗಳು ನೇರವಾಗಿ ಬಂದು, ಅಲ್ಲಿ ಏನೋ ನೆನಪಾದಂತೆ ಒಂದು ಸುತ್ತು ಸುತ್ತಿ, ಮತ್ತೆ ನೇರವಾಗಿ ಮುಂದೆ ಹೋಗಿದ್ದವು. ನಾನು ಅದನ್ನು ಮೊದಲ ದಿನವೇ ಗಮನಿಸಿ ಚೆನ್ನಾಗಿದೆ ಅಂದುಕೊಂಡಿದ್ದೆ. ಅದು ನನ್ನ ಸೋದರಮಾವನ ಕಣ್ಣಿಗೂ ಬೀಳುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ನಾನು ಹೆಚ್ಚು ಮಾತಾಡುವವಳಲ್ಲ. ಪಾಂಡವಪುರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಅಂಕಿಗಳು ಎದುರುತ್ತರ ಕೊಡುವುದಿಲ್ಲವೆಂಬುದೇ ಆ ವಿಷಯ ಆರಿಸಿಕೊಳ್ಳಲು ಮುಖ್ಯ ಕಾರಣ. ಗುರಿ ಹೊಡೆಯುವ ಹವ್ಯಾಸ ಹತ್ತಿದ್ದೂ ಹಾಗೆಯೇ. ನೆಲದ ಮೇಲೆ ಬೋರಲು ಮಲಗಿದರೆ ಯಾರೂ ಮಾತಾಡಿಸುವುದಿಲ್ಲ. ಅದರಲ್ಲೂ ಬೋಲ್ಟ್ ರೈಫಲ್ಲು ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು: ಒಂದು ಗುಂಡು ಹೊಡೆದ ಮೇಲೆ ಬೋಲ್ಟನ್ನು ಕೈಯಾರೆ ಎತ್ತಿ, ಹಿಂದೆಳೆದು, ಮುಂದೆ ತಳ್ಳಿ ಕೂರಿಸುವ ತನಕ ಇನ್ನೊಂದು ಹಾರುವುದಿಲ್ಲ. ಮನುಷ್ಯರ ನಾಲಿಗೆಗೂ ಇಂಥದ್ದೊಂದು ಇರಬೇಕಿತ್ತು ಎಂದು ಸ್ಟಾಫ್ ರೂಮಿನಲ್ಲಿ ಕೂತಾಗಲೆಲ್ಲ ಅನ್ನಿಸುತ್ತದೆ.

ಪರವಾನಗಿಗೆ ಅರ್ಜಿ ಹಾಕಿದಾಗ ವಿಚಾರಣೆಗೆ ಬಂದ ಪೊಲೀಸಿನವರು ಅಂಗಳದಲ್ಲಿ ನಿಂತು, "ಏನ್ ಮೇಡಂ, ಅಂದಿ ವಡಿಯಕ್ಕಾ?" ಅಂದರು. "ಕಾಗದ ಹೊಡೆಯಲಿಕ್ಕೆ" ಅಂದೆ. ಅವರು ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಕನಿಕರದಿಂದ ಏನೋ ಬರೆದುಕೊಂಡರು. ಪರವಾನಗಿ ಬರಲು ಒಂದೂವರೆ ವರ್ಷ ಹಿಡಿಯಿತು. ಬಂದ ಮೇಲೆ ಇಂತಿಷ್ಟು ದಿನದೊಳಗೆ ರೈಫಲ್ಲು ಕೊಳ್ಳಬೇಕೆಂಬ ಗಡುವು; ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಹಂದಿಯ ಪ್ರಶ್ನೆ. ನನ್ನ ಸಂಬಳಕ್ಕೆ ಹೊಂದುವ ರೈಫಲ್ಲು ಹುಡುಕುವುದರಲ್ಲೇ ದಿನಗಳೆಲ್ಲ ಕಳೆದು ಒಂಬತ್ತು ಉಳಿದಿದ್ದವು.

ಆಗ ಸಿಕ್ಕಿದವರು ಕೆ.ಆರ್.ಎಸ್.ನ ನಿವೃತ್ತ ಎಂಜಿನಿಯರು. ಕಣ್ಣು ಮಂಜಾಗಿದೆಯೆಂದು ತಮ್ಮಲ್ಲಿದ್ದ ಎರಡು ರೈಫಲ್ಲನ್ನೂ ಕೊಡುವವರಿದ್ದರು. ಒಂದು ಕಪ್ಪಗೆ ಹೊಳೆಯುವ ಹೊಸದು. ಇನ್ನೊಂದು ಸುಳಿಯಿದ್ದ ಹಳೆಯ ಮರದ್ದು. ಮರುದಿನವೇ ಅವರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಎರಡರಲ್ಲೂ ಐವತ್ತು ಮೀಟರಿನಿಂದ ಹತ್ತತ್ತು ಗುಂಡು ಹೊಡೆದು ನೋಡಿದೆ. ಕಪ್ಪನೆಯದರ ಹತ್ತು ತೂತುಗಳನ್ನು ಮುಚ್ಚಲು ಅಂಗೈ ಬೇಕಿತ್ತು. ಮರದ್ದರವು ಒಂದು ರೂಪಾಯಿ ನಾಣ್ಯದ ಕೆಳಗೆ ಅಡಗಿದವು. ಹನ್ನೊಂದು ಅಂಶಗಳ ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅದನ್ನು ಮಡಚಿ ಚೀಲಕ್ಕೆ ಹಾಕಿದೆ. ನನಗೆ ಆ ಮರದ ರೈಫಲ್ಲು ಬೇಕಿತ್ತು. ಯಾವ ವಸ್ತುವಿನ ಮೇಲೂ ನನಗೆ ಅಷ್ಟು ಆಸೆ ಹುಟ್ಟಿದ್ದಿಲ್ಲ.

ಆದರೆ ನಮ್ಮ ಮನೆಯಲ್ಲಿ ಹತ್ತು ಸಾವಿರ ದಾಟುವ ಯಾವ ವಸ್ತುವನ್ನೂ ಮಾವನಿಲ್ಲದೆ ಕೊಳ್ಳುವಂತಿಲ್ಲ. ಮಾವ ಚಿನಕುರಳಿಯವನು. ಎತ್ತಿನ ಜೋಡಿ ಆರಿಸಲು ಅವನನ್ನು ನಾಗಮಂಗಲದಿಂದ, ಕಿಕ್ಕೇರಿಯಿಂದ ಕರೆಯಲು ಬರುತ್ತಾರೆ. ಹಲ್ಲು, ಗೊರಸು, ನಡಿಗೆ, ಎಲ್ಲಕ್ಕಿಂತ ಮಿಗಿಲಾಗಿ ಮೈಮೇಲಿನ ಕೂದಲ ಸುಳಿ. ಕೆಟ್ಟ ಜಾಗದಲ್ಲಿ ಸುಳಿಯಿದ್ದರೆ ಆ ಎತ್ತು ಎಷ್ಟೇ ಚೆಂದವಿರಲಿ, ಮಾವ ಹಗ್ಗ ಮುಟ್ಟುವುದಿಲ್ಲ. ನಮ್ಮ ಫ್ರಿಜ್ಜನ್ನೂ ಅವನೇ ಆರಿಸಿದ್ದು. ಅಂಗಡಿಯಲ್ಲಿ ಅದರ ಬಾಯಿ ತೆಗೆದು, ಒಳಗೆ ಕೈಯಿಟ್ಟು, ಪಕ್ಕೆಯ ಮೇಲೆ ಎರಡು ಏಟು ಹಾಕಿ, "ಇದು ಬಾಳ್ತದೆ" ಅಂದಿದ್ದ. ಹದಿನಾಲ್ಕು ವರ್ಷವಾಯಿತು, ಬಾಳುತ್ತಿದೆ. ಹಾಗಾಗಿ ಅಮ್ಮ ಹಾಕಿದ ಷರತ್ತು ಒಂದೇ: "ನಿನ್ನ ಮಾವ ಊ ಅಂದ್ರೆ ತಗೊ. ಅವನು ಬ್ಯಾಡ ಅಂದ್ರೆ ಆ ಸುದ್ದಿನೇ ಈ ಮನೇಲಿ ಎತ್ತಬ್ಯಾಡ."

ಭಾನುವಾರ ಮಧ್ಯಾಹ್ನ ಎಂಜಿನಿಯರ ಮನೆಯ ಜಗಲಿಯ ಮೇಲೆ ಎರಡು ರೈಫಲ್ಲುಗಳೂ ಕಂಬಳಿಯ ಮೇಲೆ ಮಲಗಿದ್ದವು. ಮಾವ ಎರಡರ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ. ಮರದ್ದರ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಬ್ಬೆರಳಿನಿಂದ ಆ ಸುಳಿಯನ್ನು ಸವರಿದ.

"ಏನವ್ವಾ ಇದು, ಕೆನ್ನೆ ತಾವೇ ಸುಳಿ ಐತಲ್ಲ! ಇಂಥದ್ನ ಮನೇಗ್ ತಂದ್ ಕಟ್ಕಂಡ್ರೆ ಉದ್ಧಾರ ಆದಂಗೆ ಬುಡು."

ಎಂಜಿನಿಯರು ನನ್ನ ಮುಖ ನೋಡಿದರು. ನಾನು ಕಂಬಳಿಯನ್ನು ನೋಡಿದೆ. ಮಾವ ಎದ್ದು ಕಪ್ಪನೆಯದರ ಬಳಿಗೆ ಹೋಗಿ, ಕರುವಿನ ಬೆನ್ನು ಚಪ್ಪರಿಸುವಂತೆ ಚಪ್ಪರಿಸಿ, "ಇದ್ ನೋಡು, ಒಂದ್ ಕಳಂಕ ಇಲ್ಲ" ಎಂದ. ಅಂಗೈಯಗಲಕ್ಕೆ ಗುಂಡು ಚೆಲ್ಲುತ್ತದೆ ಮಾವಾ ಎಂದು ಹೇಳಬಹುದಿತ್ತು. ಮಾರುವವರ ಮುಂದೆ ಅವರ ಮಾಲನ್ನು ಹಳಿಯುವುದು ಹೇಗೆ?

"ಆಗ್ಲಿ, ಮರದ್ದುಕ್ಕೂ ಒಂದ್ ಮಾತ್ ಕೇಳಮ" ಎಂದು ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಮೇಲೆ ಹೊದ್ದುಕೊಂಡ. ಮಾವನ ಪ್ರಕಾರ ಬೆಲೆಯನ್ನು ಬಾಯಲ್ಲಿ ಆಡುವುದು ಅಸಭ್ಯತನ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ತಿಳಿಸಬೇಕು. ಎಂಜಿನಿಯರು ಮೈಸೂರಿನಲ್ಲಿ ಬೆಳೆದವರು. ಆ ಟವೆಲ್ಲನ್ನು ಆಸ್ಪತ್ರೆಯ ಹಾಸಿಗೆ ನೋಡುವಂತೆ ನೋಡಿ, "ನನಗೆ ಇದೆಲ್ಲ ಗೊತ್ತಿಲ್ಲವಲ್ಲ" ಎಂದರು.

"ನಮ್ ಉಡುಗಿಗೆ ಗೊತ್ತು. ನೀವ್ ಅವಳ್ ಕಿವೀಲಿ ಏಳಿ, ಅವಳು ನಂಗ್ ತಿಳಿಸ್ತಾಳೆ."

ನಿಜ, ಗೊತ್ತಿತ್ತು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಮಾವ ಆಟದಂತೆ ಕಲಿಸಿದ್ದ. ಹಾಗೆ, ರೈಫಲ್ಲು ಕೊಳ್ಳಬೇಕಾದ ನಾನು ಮಾರುವವರ ಕೈಯಾಗಿ ಕೂತು ನನ್ನ ಮಾವನೊಡನೆ ಚೌಕಾಸಿಗೆ ಇಳಿದೆ.

ಒಂದು ಬೆರಳಿಗೆ ಹತ್ತು ಸಾವಿರ ಎಂದು ಮೊದಲೇ ಮಾತಾಗಿತ್ತು. ಎಂಜಿನಿಯರು ನನ್ನ ಕಿವಿಯಲ್ಲಿ "ಎಂಟು" ಎಂದರು. ಮಾವನ ಐದು ಬೆರಳು ಹಿಡಿದು, ಬಿಟ್ಟು, ಮೂರು ಹಿಡಿದೆ. ಮಾವ ಮುಖದಲ್ಲಿ ಏನನ್ನೂ ತೋರಿಸದೆ ನನ್ನ ನಾಲ್ಕು ಬೆರಳು ಒತ್ತಿದ. ಅರ್ಧ! ಮೂವತ್ತು ವರ್ಷ ಆ ರೈಫಲ್ಲನ್ನು ಮಗುವಿನಂತೆ ಒರೆಸಿಟ್ಟವರಿಗೆ ಇದನ್ನು ಹೇಗೆ ಹೇಳುವುದು? "ಯೋಚಿಸುತ್ತಿದ್ದಾರೆ ಸರ್" ಎಂದೆ. ಅದು ನನ್ನ ಮೊದಲ ಸುಳ್ಳು.

ಮತ್ತೆ ಎಂಟು ಹಿಡಿದೆ. ಮಾವ ಕೈ ಕಿತ್ತುಕೊಂಡು ಟವೆಲ್ಲು ಕೊಡವಿ ಎದ್ದೇ ಬಿಟ್ಟ. "ಸುಳಿ ಇರೋ ಮಾಲು, ನಡಿಯವ್ವ ಓಗಮ" ಎನ್ನುತ್ತಾ ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸಿದ. ಒಂದು ಕಾಲು. ಎರಡನೆಯದು. ಗಡುವಿನ ಉಳಿದ ದಿನಗಳು, ಹಂದಿಯ ಪ್ರಶ್ನೆ, ಒಂದು ರೂಪಾಯಿಯಗಲದ ಆ ತೂತು, ಎಲ್ಲವೂ ಗೇಟಿನ ಕಡೆ ಹೊರಟವು. "ಮಾವಾ, ಒಂದ್ನಿಮಿಷ" ಎಂಬ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಅವನು ಬಂದು ಕೂತ. ಎಂಜಿನಿಯರು ಏನೂ ಹೇಳಿರಲಿಲ್ಲ. ನಾನು ನಾನಾಗಿಯೇ ಆರು ಬೆರಳು ಹಿಡಿದೆ. ಮಾವ ನನ್ನ ಮುಖ ನೋಡಿದ. ನಿಧಾನವಾಗಿ ಇಡೀ ಕೈಯನ್ನು ಅದುಮಿದ. ಮುಗಿಯಿತು ಎಂದರ್ಥ. ಎಲೆಯಡಿಕೆ ಉಗಿಯಲು ಅವನು ನಲ್ಲಿಯ ಬಳಿಗೆ ಹೋದಾಗ ಎಂಜಿನಿಯರ ಕಡೆ ತಿರುಗಿ, "ಒಪ್ಪಿದ್ದಾರೆ ಸರ್" ಎಂದೆ.

"ಎಂಟಕ್ಕೇ?"

"ಎಂಟಕ್ಕೇ."

ನಡುವಿನ ಎರಡು ಬೆರಳು ನನ್ನವು. ಹೊಸ ಶೂಟಿಂಗ್ ಜಾಕೆಟ್ಟಿಗೆಂದು ಕೂಡಿಟ್ಟದ್ದು ಸರಿಯಾಗಿ ಅಷ್ಟೇ ಇತ್ತು. ಮಾವ ವೀಳ್ಯದೆಲೆಯ ಮೇಲೆ ಐನೂರು ರೂಪಾಯಿ ಮುಂಗಡದ ಸಂಚಕಾರ ಇಟ್ಟು ಕೊಟ್ಟ. "ಮಿಕ್ಕಿದ್ನ ನಾಳೀಕ್ ಇವಳೇ ತತ್ತಾಳೆ, ಕಾಗ್ದಕ್ ಸೈನ್ ಆಕ್ಬುಡಿ" ಅಂದ.

ವಾಪಸು ಬರುವಾಗ ಬೈಕಿನ ಹಿಂದೆ ಕೂತು ಕೇಳಿದೆ: "ಮಾವಾ, ಸುಳಿ ಇರೋದು ಕೆಟ್ಟದ್ದಲ್ವಾ? ಮತ್ತೆ ಹೇಗೆ ಒಪ್ಪಿದೆ?"

"ಮರಕ್ ಎಲ್ಲಾರಾ ಸುಳಿ ಬತ್ತದೇನವ್ವಾ! ಅದು ಗಂಟು. ಓದಿರೋಳು ನೀನು."

"ಹಾಗಾದ್ರೆ ಚಪ್ಪಲಿ ಯಾಕೆ ಹಾಕ್ಕೊಂಡೆ?"

"ಚಪ್ಲಿ ಆಕ್ಕಂಡ್ ಮ್ಯಾಲೇ ಕಣವ್ವಾ ಯಾಪಾರ ಶುರುವಾಗದು. ನೀನ್ ಆಸೆಪಟ್ಟಿದ್ದೆ ಅಂತ ನಾನು ಏಳು ಬೆರಳ್ಗಂಟ ಓಗಕ್ ತಯಾರಾಗಿದ್ದೆ. ಆ ಸಾಹೇಬ್ರು ಬೋ ಮೆತ್ಗೆ, ಒಂದೇ ಏಟ್ಗೆ ಆರಕ್ ಇಳುದ್ಬುಟ್ರು." ಪಾಂಡವಪುರ ಮುಟ್ಟುವ ತನಕ ತನ್ನ ಜಾಣತನಕ್ಕೆ ತಾನೇ ನಗುತ್ತಿದ್ದ. ಹಿಂದೆ ಕೂತ ಮೆತ್ತಗಿನ ಸಾಹೇಬರು ದುಪಟ್ಟಾ ಗಾಳಿಗೆ ಹಾರದಂತೆ ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕೆ.ಆರ್.ಎಸ್.ಗೆ ಹೋದೆ. ಎಂಜಿನಿಯರು ಲಕೋಟೆ ತೆಗೆದುಕೊಂಡು ಎಣಿಸದೆ ಪಕ್ಕಕ್ಕಿಟ್ಟರು. ಕಾಗದಗಳಿಗೆ ಸಹಿ ಹಾಕಿ, ಅವು ಪೊಲೀಸ್ ಠಾಣೆಯಲ್ಲಿ ದಾಖಲಾದ ಮೇಲೆ ಬಂದು ರೈಫಲ್ಲು ಒಯ್ಯಿರಿ ಎಂದು ಕಾಫಿ ಕೊಟ್ಟರು. "ನಿಮ್ಮ ಮಾವ ದೊಡ್ಡ ಮನುಷ್ಯರಮ್ಮ. ಹೇಗೂ ಇಳಿಸುತ್ತಾರೆ ಅಂತ ನಾನು ಎಂಟು ಅಂದಿದ್ದು. ಹೊಡೆಯೋ ಹುಡುಗಿಗೆ ಹೋಗುತ್ತೆ, ಆರಕ್ಕೆ ಕೊಟ್ಟುಬಿಡಿ ಅಂತ ನಮ್ಮನೆಯವರೂ ಹೇಳಿದ್ದರು. ಅವರು ನೋಡಿದರೆ ಎಂಟಕ್ಕೇ ಹೂಂ ಅಂದುಬಿಟ್ಟರು. ಅವರಿಗೇನೂ ಬೇಜಾರಿಲ್ಲ ತಾನೇ?"

"ಇಲ್ಲ ಸರ್, ತುಂಬ ಸಂತೋಷವಾಗಿದ್ದಾರೆ" ಎಂದೆ. ಆ ವ್ಯಾಪಾರದಲ್ಲಿ ನಾನು ಆಡಿದ ನಿಜ ಅದೊಂದೇ. ಒಬ್ಬರು ಏಳರ ತನಕ ಏರುವವರು, ಇನ್ನೊಬ್ಬರು ಆರರ ತನಕ ಇಳಿಯುವವರು. ಇಬ್ಬರೂ ಭೇಟಿಯಾಗದ ಹಾಗೆ ನಡುವೆ ನಿಂತವಳು ಸಂಖ್ಯಾಶಾಸ್ತ್ರದ ಉಪನ್ಯಾಸಕಿ.

ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಕಾಗದಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದುಪಟ್ಟಾದ ಕೆಳಗೆ ನನ್ನ ಎಡಗೈಯ ಎರಡು ಬೆರಳನ್ನು ಬಲಗೈಯಲ್ಲಿ ಹಿಡಿದು, ಪಾಂಡವಪುರದ ಬಸ್ಸು ಬರುವ ತನಕ ಹಾಗೇ ಕೂತಿದ್ದೆ.