ಜೊತೆಗೆ ಬಂದವರು

ಮಕ್ಸೂದನ ಬಾಯಲ್ಲಿ ‘ಆಯ್ತು’ ಎಂಬ ಮಾತು ಎದುರಿನವರ ಪ್ರಶ್ನೆಗಿಂತ ಮೊದಲೇ ಹುಟ್ಟಿ ಕಾಯುತ್ತಾ ಕೂತಿರುತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಕುಣಿಗಲ್ಲಿನಿಂದ ತುಮಕೂರಿಗೆ ಮನೆಯಳಿಯನಾಗಿ ಬಂದಾಗ ಹತ್ತಿದ ರೋಗ ಅದು. ಅತ್ತೆ ಖುರ್ಷಿದಾ ಬೇಗಂ “ಮಕ್ಸೂದ್, ಸ್ವಲ್ಪ...” ಅನ್ನುವಷ್ಟರಲ್ಲಿ “ಆಯ್ತು ಅಮ್ಮೀ” ಅಂದು ಚಪ್ಪಲಿ ಮೆಟ್ಟಿರುತ್ತಿದ್ದ. ಬೀದಿಯ ತುದಿ ಮುಟ್ಟಿದ ಮೇಲೆ, ತರಬೇಕಾದ್ದು ಏನು ಅಂತ ಕೇಳಲು ವಾಪಸ್ಸು ಬರುತ್ತಿದ್ದ.

ಹೆಂಡತಿ ಅರ್ಜೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ನಿಮಗೆ ಯಾರಾದ್ರೂ ‘ಬಾವಿಗೆ’ ಅಂದ್ರೆ ಸಾಕು ಕಣ್ರೀ. ‘ಬೀಳಬೇಡಿ’ ಅನ್ನೋ ಹೊತ್ತಿಗೆ ನೀರಲ್ಲಿರ್ತೀರ.”

ಅರ್ಜೂ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಮಕ್ಸೂದನಿಗೆ ಯಾರೂ ಹೋಗು ಅಂದಿರಲಿಲ್ಲ, ಇರು ಅಂತಲೂ ಅಂದಿರಲಿಲ್ಲ. ಊಟಕ್ಕೆ ಕರೆದಾಗ ಅವನು ಮೊದಲು ತಟ್ಟೆಗಳನ್ನು ನೋಡುತ್ತಿದ್ದ. ತನ್ನದು ಇದ್ದರೆ ಆಮೇಲೆ ಕೂರುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಅಂಗಡಿಗೆ ಹೊರಟಾಗ ಖುರ್ಷಿದಾ ಬೇಗಂ ಬಾಗಿಲಿಗೆ ಬಂದರು.

“ಸಂಜೆ ಬೇಗ ಬಾ ಬೇಟಾ...”

“ಆಯ್ತು ಅಮ್ಮೀ.”

“...ನಿನ್ನ ವಿಷಯ ಒಂದು ಮಾತಾಡೋದಿದೆ. ಶಾಬಾಜ್ ಕೂಡ ಇರ್ತಾನೆ.”

ನಿನ್ನ ವಿಷಯ! ಅದೂ ಅರ್ಜೂಳ ತಮ್ಮ ಶಾಬಾಜನ ಮುಂದೆ. ಮಕ್ಸೂದನ ವಿಷಯ ಅಂತ ಆ ಮನೆಯಲ್ಲಿ ಉಳಿದಿದ್ದದ್ದು ಒಂದೇ, ಇರಬೇಕೋ ಹೋಗಬೇಕೋ ಅನ್ನುವುದು. ಇವತ್ತು ಸಂಜೆಯೊಳಗೆ ತಾನು ಬೇಕಾದವನು ಅಂತ ಹೇಗಾದರೂ ತೋರಿಸಬೇಕು ಅಂದುಕೊಂಡು ಅಂಗಡಿ ಬೀಗ ತೆಗೆದ.

ಅಂಗಡಿಯ ಹೆಸರು ಅರ್ಜೂ ಗ್ರಾಫಿಕ್ಸ್. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಬೆಂಚು. ಕಳ್ಳ ಸೀಡಿಯಿಂದ ಸಾಫ್ಟ್‌ವೇರ್ ಹಾಕಿಕೊಂಡ ಅಂಗಡಿಗಳ ಮೇಲೆ ರೈಡ್ ಆಗುತ್ತದೆ ಅಂತ ನಾಲ್ಕು ವರ್ಷದ ಹಿಂದೆ ಊರಲ್ಲಿ ಸುದ್ದಿ ಎದ್ದಾಗ, ಕ್ಯಾತ್ಸಂದ್ರದ ಕಾಲೇಜೊಂದರ ಲೆಕ್ಚರರ್ ಇಂಪನಾ ಮೇಡಂ ಪುಕ್ಕಟೆಯಾಗಿ ಲಿನಕ್ಸ್ ಎಂಬ ಬೇರೆ ಕಂಪ್ಯೂಟರ್ ವ್ಯವಸ್ಥೆ ಹಾಕಿಕೊಟ್ಟಿದ್ದರು. ಅದು ಕೆಡದಿರಲೆಂದು ವಾರಕ್ಕೊಮ್ಮೆ ಟೈಪ್ ಮಾಡಲು ಎರಡು ಸಾಲು ಬರೆದುಕೊಟ್ಟಿದ್ದರು. ಆ ಸಾಲು ಹೊಡೆದಾಗಲೆಲ್ಲ ಕಪ್ಪು ಪರದೆಯ ಮೇಲೆ ಪ್ರೋಗ್ರಾಮುಗಳ ಒಂದು ಪಟ್ಟಿ ಬರುತ್ತಿತ್ತು. ಕೆಳಗೆ ಕಂಡವು ಬೇರೆಯವರ ಜೊತೆಗೆ ತಾವಾಗಿ ಬಂದವು, ಈಗ ಇವುಗಳ ಅಗತ್ಯವಿಲ್ಲ, ಎಂದು ಇಂಗ್ಲಿಷಿನಲ್ಲಿ ಇರುತ್ತಿತ್ತು. ಮಕ್ಸೂದ್ ಅದನ್ನು ಓದಿದೊಡನೆ ಕಿಟಕಿಯಾಚೆ ನೋಡುತ್ತಿದ್ದ.

ಅವತ್ತು ಅದನ್ನು ಹಿಂದೆ ನಿಂತಿದ್ದ ಶಾಬಾಜ್ ಓದಿಬಿಟ್ಟ. ಅಂತರಸನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದವನು, ಹೋಗುವ ದಾರಿಯಲ್ಲಿ ಅಂಗಡಿಗೆ ಇಣುಕುತ್ತಿದ್ದ.

“ದುಲ್ಹಾ ಭಾಯ್, ಅಗತ್ಯ ಇಲ್ಲ ಅಂತ ಅದೇ ಹೇಳ್ತೈತೆ. ಮತ್ಯಾಕೆ ಇಟ್ಕಂಡಿದೀರ?”

“ಇರ್ಲಿ ಬಿಡು. ಪಾಪ, ಏನ್ ತೊಂದರೆ ಕೊಡ್ತಾವೆ?”

“ಡಿಸ್ಕ್ ಫುಲ್ಲು ಅಂತ ಮೊನ್ನೆ ನೀವೇ ಅಂದ್ರಿ! ಸಂಜೆ ಒಳಗೆ ಎಲ್ಲಾ ಕ್ಲೀನ್ ಆಗ್ಬೇಕು. ಆ ಇಸ್ಪೀಟ್ ಆಟಾನೂ ತೆಗೀರಿ. ಗಿರಾಕಿಗಳ ಮುಂದೆ ಮರ್ಯಾದೆ...”

“ಆಯ್ತು.”

ಕಂಪ್ಯೂಟರಿನಲ್ಲಿದ್ದ ಇಸ್ಪೀಟಿನ ಆಟ ಅರ್ಜೂಳದು. ಮಧ್ಯಾಹ್ನ ಬುತ್ತಿ ತಂದವಳು ಒಂದು ಆಟ ಆಡದೆ ಹೋಗುತ್ತಿರಲಿಲ್ಲ. ಸೋತರೆ ಮೌಸಿಗೆ ಬೈಯುತ್ತಿದ್ದಳು. ಆದರೆ ಆಯ್ತು ಅಂದಾಗಿತ್ತು.

ಅಷ್ಟರಲ್ಲಿ ಸಿ.ಎಸ್. ಪುರದ ರಾಮಾಂಜಿನಯ್ಯ ಬೋಳಿಸಿದ ತಲೆಗೆ ಟವಲು ಸುತ್ತಿಕೊಂಡು ಬಂದ. ತಾಯಿಯ ತಿಥಿ ಕಾರ್ಡು ಆಗಬೇಕಿತ್ತು.

“ನಾಕ್ ಗಂಟೆ ಬಸ್ಸಿಗೆ ಹೋಗ್ಬೇಕು ಸ್ವಾಮಿ, ಅಷ್ಟೊತ್ತಿಗೆ...”

“ಆಯ್ತು,” ಅಂದ ಮಕ್ಸೂದ್. ರಾಮಾಂಜಿನಯ್ಯ ಬೆಂಚಿನ ಮೇಲೆ ಸ್ಥಾಪನೆಗೊಂಡ.

ಮೊದಲು ಕ್ಲೀನಿಂಗು ಮುಗಿಸೋಣ ಅಂತ ಮಕ್ಸೂದ್ ಆಟವನ್ನು ತೆಗೆಯಲು ಹೇಳಿದ. ಕಂಪ್ಯೂಟರು ಏನೋ ಒಂದಿಷ್ಟು ಬರೆದು, ಮುಂದುವರಿಯಲಾ, ಹೌದೋ ಅಲ್ಲವೋ, ಎಂದು ಕೇಳಿತು. ಅವನ ಬೆರಳು ಆಗಲೇ ಹೌದು ಎನ್ನುವ ವೈ ಒತ್ತಿತ್ತು. ಆಮೇಲೆ, ಬೇಡದ್ದನ್ನೆಲ್ಲ ಅದೇ ತೆಗೆದುಹಾಕಲಿ ಅಂತ ‘ಆಟೋರಿಮೂವ್’ ಹೊಡೆದ. ಈ ಸಲ ಪಟ್ಟಿ ಮದುವೆಯ ಊಟದ ಸಾಲಿನ ಹಾಗೆ ಉದ್ದಕ್ಕೆ ಬಂತು. ಕೊನೆಯಲ್ಲಿ ಅದೇ ಪ್ರಶ್ನೆ. ಅದೇ ವೈ.

ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ವೆಂಕಟರಂಗಯ್ಯ ಪೇಪರ್ ಓದಲು ಕೆಳಗಿಳಿದು ಬಂದವರು ಪರದೆಗೆ ಕಣ್ಣು ಕೊಟ್ಟರು.

“ಏನ್ರೀ ಇದು, ಎಲೆಕ್ಷನ್ ರಿಸಲ್ಟ್ ಥರ ಓಡ್ತಾ ಇದೆ?”

“ಬೇಡದ್ದೆಲ್ಲ ತೆಗೀತಾ ಇದೆ ಸಾರ್.”

“ಇಷ್ಟೊಂದು ಬೇಡದ್ದು ಇಟ್ಕಂಡು ಹೆಂಗ್ರೀ ಬದುಕಿತ್ತು ಅದು?”

ಓಟ ನಿಂತಿತು. ಡಿಸ್ಕಿನಲ್ಲಿ ಜಾಗವೇನೋ ಬೇಕಾದಷ್ಟು ಖಾಲಿಯಾಗಿತ್ತು. ಮಕ್ಸೂದ್ ಬಹಳ ದಿನದ ಮೇಲೆ ಮುಗುಳ್ನಕ್ಕು ಕಂಪ್ಯೂಟರನ್ನು ಆರಿಸಿ ಹಚ್ಚಿದ.

ಪರದೆ ಕಪ್ಪಗೆ ಬಂತು. ಚಿತ್ರಗಳಿಲ್ಲ, ಕಿಟಕಿಗಳಿಲ್ಲ, ಕನ್ನಡ ಅಕ್ಷರವಿಲ್ಲ. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ‘ಇದೀನಿ, ಇದೀನಿ’ ಅನ್ನುವಂತೆ ಮಿಣಿಮಿಣಿ ಅನ್ನುತ್ತಿತ್ತು.

“ಕರೆಂಟ್ ಹೋಯ್ತಾ?” ಅಂದ ರಾಮಾಂಜಿನಯ್ಯ, ತಲೆಯ ಮೇಲೆ ಗರಗರ ತಿರುಗುವ ಫ್ಯಾನಿನ ಕೆಳಗೆ ಕೂತು.

ಪಕ್ಕದ ಟೀ ಅಂಗಡಿಯ ರೇವಮ್ಮ ಲೋಟ ಹಿಡಿದುಕೊಂಡೇ ಬಂದಳು. “ಒಂದು ಏಟು ಬುಡಣ್ಣಾ ಅದಕ್ಕೆ. ನಮ್ಮನೆ ಟೀವಿ ಹಂಗೇ ಬರೋದು.” ಹೇಳಿದ್ದಲ್ಲದೆ ತಾನೇ ಒಂದು ಬಿಟ್ಟಳು. ಬಿಳಿ ಗೆರೆ ಒಂದು ಸಲ ಬೆಚ್ಚಿ, ಮತ್ತೆ ಮಿಣಿಮಿಣಿ.

ವೆಂಕಟರಂಗಯ್ಯನವರಿಗೆ ಕಂಪ್ಯೂಟರುಗಳ ಮೇಲಿದ್ದ ಇಪ್ಪತ್ತು ವರ್ಷದ ಸೇಡು ತೀರಿದ ಖುಷಿ. “ನನ್ನ ಮಿಷಿನ್ನು ಎಪ್ಪತ್ತೆಂಟರದು. ಇವತ್ತಿನವರೆಗೂ ‘ಕ’ ಬೇಡ, ‘ಖ’ ಬೇಡ ಅಂತ ಒಂದು ಅಕ್ಷರಾನೂ ಹೊರಗೆ ಹಾಕಿಲ್ಲ ಕಣ್ರೀ.”

ಮಕ್ಸೂದನಿಗೆ ಸಂಜೆಯ ಮಾತು ನೆನಪಾಯಿತು. ಬೇಕಾದವನು ಅಂತ ತೋರಿಸಲು ಹೋಗಿ, ಇದ್ದ ಒಂದು ಕಂಪ್ಯೂಟರನ್ನೂ ಮುಗಿಸಿದ್ದ. ಇಂಪನಾ ಮೇಡಂಗೆ ಫೋನ್ ಮಾಡಿದ. “ಡಬ್ಬಿ ಎತ್ಕೊಂಡು ಕಾಲೇಜಿಗೆ ಬನ್ನಿ,” ಅಂದರು.

ಧೂಳು ಕೂರದಿರಲೆಂದು ಹೊದಿಸುತ್ತಿದ್ದ ಬಿಳಿ ಬಟ್ಟೆಯಲ್ಲೇ ಸಿಪಿಯು ಸುತ್ತಿ, ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಆಟೋ ಹತ್ತಿದ. ಕಣ್ಣು ತುಂಬಿತ್ತು. ಆಟೋದವನು ಕನ್ನಡಿಯಲ್ಲಿ ಆ ಬಿಳಿ ಗಂಟನ್ನು ನೋಡಿದ, ಆ ಮುಖವನ್ನು ನೋಡಿದ, ರೇಡಿಯೋ ಆರಿಸಿದ.

“ಆಸ್ಪತ್ರೆಯಿಂದಾನಾ ಸಾರ್? ಖಬರಸ್ತಾನಕ್ಕೆ ಬಿಡ್ಲಾ...”

“ಆಯ್ತು,” ಅಂದ ಮಕ್ಸೂದ್, ಕೇಳಿಸಿಕೊಳ್ಳದೆ.

ಗಾಡಿ ನಿಂತಾಗ ಎದುರಿಗೆ ಖಬರಸ್ತಾನದ ಗೇಟು. ಆಟೋದವನು ತಾನೇ ಇಳಿದು, ತಲೆಗೆ ಕರ್ಚೀಫು ಕಟ್ಟಿಕೊಂಡು, ಕೈ ಮುಂದೆ ಮಾಡಿದ. “ಕೊಡಿ ಸಾರ್, ನಾನು ಹಿಡ್ಕೋತೀನಿ. ದೇವ್ರು ಕೊಟ್ಟೋನು ದೇವ್ರೇ...”

“ಕಂಪ್ಯೂಟರ್ ಕಣಪ್ಪಾ ಇದು!”

ಆಟೋದವನು ಗಂಟನ್ನು ಮುಟ್ಟಿ ನೋಡಿದ. ಕರ್ಚೀಫು ಬಿಚ್ಚಿದ. “ಮತ್ತೆ ಕೇಳ್ದಾಗ ಆಯ್ತು ಅಂದ್ರಲ್ಲಾ?”

ಮಕ್ಸೂದ್ ಗಂಟಿನೊಡನೆ ಕೆಳಗಿಳಿದ. ಗೇಟಿನ ಸಂದಿಯಿಂದ ನೋಡಿದರೆ ಬೇವಿನ ಮರ ಕಾಣುತ್ತಿತ್ತು, ಅದರಾಚೆ ಮೂರನೆಯ ಸಾಲಿನಲ್ಲಿ ಅರ್ಜೂಳ ಗೋರಿ. ಅವಳಿದ್ದಿದ್ದರೆ ಈ ಪೇಚಾಟಕ್ಕೆ ವಾರವೆಲ್ಲ ನಗುತ್ತಿದ್ದಳು. ಗಂಟನ್ನು ಎದೆಗಿಟ್ಟುಕೊಂಡೇ ಎರಡು ನಿಮಿಷ ನಿಂತ. ಆಮೇಲೆ, “ಕ್ಯಾತ್ಸಂದ್ರ ಕಣಪ್ಪಾ,” ಅಂದ.

ಲ್ಯಾಬಿನಲ್ಲಿ ಇಂಪನಾ ಮೇಡಂ ವೈರು ಸಿಕ್ಕಿಸಿ ನೋಡಿದರು.

“ಆಟ ತೆಗೆದಾಗ ಇದು ಏನೋ ಕೇಳಿರ್ಬೇಕಲ್ಲಾ?”

“ಕೇಳ್ತು ಮೇಡಂ.”

“ಏನಂತ?”

“ವೈ ಒತ್ತಿದೆ ಮೇಡಂ.”

ಮೇಡಂ ಹಣೆ ಹಿಡಿದುಕೊಂಡರು. “ನೋಡಿ, ನಾನು ಹಾಕಿದ್ದು ಒಂದೇ ಒಂದು ಗಂಟು. ಕಿಟಕಿ, ಅಕ್ಷರ, ಪ್ರಿಂಟರು, ಆಟ, ಎಲ್ಲಾ ಅದರ ಜೊತೆಗೆ ಬಂದಿದ್ದು. ನೀವು ಆಟ ಎಳೆದ್ರಿ, ಗಂಟು ಬಿಚ್ಚೋಯ್ತು. ಗಂಟೇ ಇಲ್ಲ ಅಂದ್ಮೇಲೆ ಉಳಿದಿದ್ದೆಲ್ಲ ಅನಾಥ. ಯಾರ ಜೊತೆ ಬಂದಿದ್ವೋ ಅವರೇ ಇಲ್ಲ, ಇವು ಯಾಕೆ ಅಂತ ತೆಗೆದು ಹಾಕಿದೆ.”

“ದಿನಾ ಕೆಲಸ ಮಾಡ್ತಿದ್ರೂನಾ ಮೇಡಂ?”

“ಕೆಲಸ ಮಾಡ್ತಿದ್ವಾ ಇಲ್ವಾ ಅದಕ್ಕೆ ಗೊತ್ತಾಗಲ್ಲ ಮಕ್ಸೂದ್. ಯಾರು ಕರ್ಕೊಂಡು ಬಂದ್ರು ಅನ್ನೋದಷ್ಟೇ ಗೊತ್ತು.”

ಮಕ್ಸೂದ್ ಸ್ಟೂಲಿನ ಮೇಲೆ ಕೂತ. ಪರದೆಯನ್ನೇ ನೋಡುತ್ತಾ ಕೇಳಿದ, “ಉಳಿಸ್ಕೊಳ್ಳೋಕೆ ದಾರೀನೇ ಇಲ್ವಾ?”

“ಯಾಕಿಲ್ಲ? ‘ಇದು ಯಾರ ಜೊತೆಗೂ ಬಂದಿದ್ದಲ್ಲ, ನನಗೇ ಬೇಕು’ ಅಂತ ಒಂದು ಗುರುತು ಹಾಕಿದ್ರೆ ಸಾಕು. ಆಮೇಲೆ ಯಾರು ಹೋದ್ರೂ ಇದನ್ನ ಮುಟ್ಟಲ್ಲ.”

“ಆ ಗುರುತು ಯಾರು ಹಾಕ್ಬೇಕು?”

“ಯಜಮಾನ್ರು.”

ಕಾಲೇಜಿನ ಇಂಟರ್‌ನೆಟ್ಟಿನಿಂದ ಎಲ್ಲವನ್ನೂ ಮತ್ತೆ ಇಳಿಸಲು ಮೂರು ಗಂಟೆ ಹಿಡಿಯಿತು. ಒಂದೊಂದೇ ಬಂತು. ಕಿಟಕಿ ಬಂತು, ಕನ್ನಡ ಬಂತು. ಕೊನೆಗೆ ಮಕ್ಸೂದ್ ಸಂಕೋಚದಿಂದ, “ಆ ಇಸ್ಪೀಟ್ ಆಟ ಮೇಡಂ,” ಅಂದ. ಅದೂ ಬಂತು. ತೆರೆದರೆ ಮೂಲೆಯಲ್ಲಿ ಹಳೆಯ ಲೆಕ್ಕ ಹಾಗೇ ಇತ್ತು. ಆಡಿದ್ದು ಆರುನೂರ ಹನ್ನೊಂದು, ಗೆದ್ದದ್ದು ನಲವತ್ಮೂರು.

“ಇದು ಹೋಗಿರ್ಲಿಲ್ವಾ?”

“ಅದು ನಿಮ್ಮ ಹೋಮ್, ಅಂದ್ರೆ ಮನೆ ಫೋಲ್ಡರಲ್ಲಿರತ್ತೆ. ಮನೇಲಿರೋದನ್ನ ಇದು ಮುಟ್ಟಲ್ಲ,” ಅಂದರು ಮೇಡಂ. ಅವನೇ ಕೇಳಿ, ಆಟಕ್ಕೆ ‘ನನಗೇ ಬೇಕು’ ಎಂಬ ಗುರುತು ಹಾಕಿಸಿಕೊಂಡ.

ಅಂಗಡಿಗೆ ಬಂದಾಗ ನಾಲ್ಕೂವರೆ. ಬೆಂಚು ಖಾಲಿ.

“ತಿಥಿ ಕಾರ್ಡ್ ನಾನೇ ಟೈಪ್ ಹೊಡ್ದು, ಜೆರಾಕ್ಸ್ ಮಾಡಿಸಿ ಕಳಿಸ್ದೆ,” ಅಂದರು ವೆಂಕಟರಂಗಯ್ಯ ಮೆಟ್ಟಿಲ ಮೇಲಿಂದ. “ಶಾಬಾಜೂ ಬಂದಿದ್ದ. ಕಂಪ್ಯೂಟರ್ ಇಲ್ದೇನೂ ಆಗತ್ತಲ್ಲಾ ಸಾರ್ ಅಂತ ಆಶ್ಚರ್ಯಪಟ್ಟ.”

“ನಾನೂ ಹಂಗೇ ಅಂದೆ,” ಅಂದಳು ರೇವಮ್ಮ.

ಮಕ್ಸೂದ್ ಬಿಳಿ ಬಟ್ಟೆ ಬಿಚ್ಚಿ ಸಿಪಿಯು ಜಾಗಕ್ಕಿಟ್ಟ. ಕಂಪ್ಯೂಟರು ಝಗ್ಗನೆ ಹೊತ್ತಿ, ಬಣ್ಣಬಣ್ಣವಾಗಿ ನಿಂತಿತು. ನೋಡಲು ಯಾರೂ ಇರಲಿಲ್ಲ.

ಸಂಜೆ ನಮಾಜು ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಖುರ್ಷಿದಾ ಬೇಗಂ ಗೋಡೆಗೊರಗಿ ಕೂತಿದ್ದರು. ಶಾಬಾಜ್ ಇದ್ದ. ಅವನ ಹೆಂಡತಿ ಜೈಬಾ ಅಡುಗೆಮನೆ ಬಾಗಿಲಲ್ಲಿದ್ದಳು. ಮಕ್ಸೂದ್ ದಾರಿಯುದ್ದಕ್ಕೂ ಒಂದೇ ಮಾತು ಯೋಚಿಸಿದ್ದ. ಹೊರಗೆ ಹಾಕುವವರಿಗೂ ಕಷ್ಟವೇ. ಪಾಪ, ಈ ಮುದುಕಿಗೆ ಆ ಕಷ್ಟ ಕೊಡಬಾರದು.

“ಮಕ್ಸೂದ್,” ಖುರ್ಷಿದಾ ಬೇಗಂ ತಡೆತಡೆದು ಶುರುಮಾಡಿದರು, “ಜನ ಏನೇನೋ ಮಾತಾಡ್ತಾರೆ ಬೇಟಾ. ಅರ್ಜೂನೇ ಇಲ್ಲ ಅಂದ್ಮೇಲೆ ಅಳಿಯ ಇಲ್ಯಾಕೆ ಅಂತಾರೆ. ಕುಣಿಗಲ್ಲಿಗೆ, ನಿಮ್ಮಣ್ಣನ ಮನೆಗೆ ಹೋಗೋದೇ ಸರಿ ಅಂತಾರೆ. ಅದಕ್ಕೆ ನಾನು...”

“ಆಯ್ತು ಅಮ್ಮೀ,” ಅಂದ ಮಕ್ಸೂದ್. “ನಾಳೆ ಬೆಳಿಗ್ಗೇನೇ ಹೋಗ್ತೀನಿ.”

ಖುರ್ಷಿದಾ ಬೇಗಂ ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ನಿಧಾನಕ್ಕೆ ಮುಚ್ಚಿಕೊಂಡಿತು. ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಒಳಗೆ ಹೋದರು.

ಮಕ್ಸೂದ್ ತನ್ನ ಎರಡು ಜೊತೆ ಬಟ್ಟೆ ಮಡಿಸುತ್ತಿದ್ದಾಗ ಜೈಬಾ ಬಂದು ಒಂದು ಕಾಗದವನ್ನು ಬ್ಯಾಗಿನ ಮೇಲೆ ಕುಕ್ಕಿದಳು. ಛಾಪಾ ಕಾಗದ. ಅಂಗಡಿಯನ್ನು ಮಕ್ಸೂದನ ಹೆಸರಿಗೆ ಬರೆದಿತ್ತು. ಕೆಳಗೆ ಖುರ್ಷಿದಾ ಬೇಗಂ ಅವರ ವಕ್ರವಕ್ರ ರುಜು.

“ಅಮ್ಮೀ ಏನ್ ಹೇಳೋಕ್ ಹೊರಟಿದ್ರು ಗೊತ್ತಾ? ‘ಅದಕ್ಕೆ ನಾನು ಅವ್ರಿಗೆಲ್ಲಾ ಹೇಳ್ದೆ, ಮಕ್ಸೂದ್ ಅರ್ಜೂ ಜೊತೆಗೆ ಬಂದೋನಲ್ಲ, ನನ್ನ ಮಗ’ ಅಂತ. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ರು ಪಾಪ. ಒಂದ್ನಿಮಿಷ ಪೂರ್ತಿ ಕೇಳೋಕಾಗಲ್ವಾ ಭಾಯ್ ನಿಮಗೆ?”

ಮಕ್ಸೂದ್ ಓಡಿದ. ಖುರ್ಷಿದಾ ಬೇಗಂ ಅರ್ಜೂಳ ಪೆಟ್ಟಿಗೆಯ ಮೇಲೆ ಕೂತಿದ್ದರು.

“ಅಮ್ಮೀ, ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ.”

“ಜೈಬಾ ಹೇಳಿದ್ಲಾ?” ಅವರು ಅವನ ತಲೆ ಸವರಿದರು. “ನಾನು ಅತ್ತೆ ಅಂತ ಮುಲಾಜಿಗೆ ಹಿಂಗಂತೀಯ ಬೇಟಾ. ಹದಿನಾಲ್ಕು ವರ್ಷ ನಾನು ಏನಂದ್ರೂ ಆಯ್ತು ಅಂದೋನು ನೀನು. ಇವತ್ತು ಮೊದಲನೇ ಸಲ ಅದರ ಮುಂದೆ ಇನ್ನೊಂದು ಮಾತು ಸೇರಿಸ್ದೆ. ನಾಳೇನೇ ಹೋಗ್ತೀನಿ ಅಂದೆ. ಅದೊಂದೇ ನಿನ್ನ ಸ್ವಂತ ಮಾತು.”

“ಇಲ್ಲಮ್ಮೀ, ಅದು ಬಾಯಿಗೆ ಬಂದು...”

“ಬಲವಂತವಾಗಿ ಕಟ್ಟಿಹಾಕಿದ್ರೆ ಅರ್ಜೂ ನನ್ನ ಮಾಫಿ ಮಾಡಲ್ಲ. ಅಣ್ಣನ ಹತ್ರ ಚೆನ್ನಾಗಿರು. ನನ್ನ ಬಗ್ಗೆ ಯೋಚನೆ ಮಾಡ್ಬೇಡ. ಆಯ್ತಾ?”

“ಆಯ್ತು,” ಅಂದುಬಿಟ್ಟ ಮಕ್ಸೂದ್.

ಬೆಳಿಗ್ಗೆ ಅಂಗಡಿಯ ಬೀಗದ ಕೈ ಶಾಬಾಜನಿಗೆ ಕೊಟ್ಟ. “ಆ ಇಸ್ಪೀಟ್ ಆಟ ಮಾತ್ರ ತೆಗೀಬೇಡ,” ಅಂದ. ಶಾಬಾಜ್ ಮುಖ ತಿರುಗಿಸಿಕೊಂಡು ತಲೆಯಾಡಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ, “ಕುಣಿಗಲ್ಲಾ? ಕುಣಿಗಲ್ ಗಾಡಿ ಆಚೆ...” ಅನ್ನುತ್ತಿದ್ದ. ಮಕ್ಸೂದ್ ಆಯ್ತು ಅಂದು ಎದುರಿಗಿದ್ದ ಬಸ್ಸು ಹತ್ತಿ ಕೂತ.

ಊರು ದಾಟಿದ ಮೇಲೆ ನೋಡಿದರೆ, ಬಸ್ಸು ಹೊರಟಿದ್ದು ಗುಬ್ಬಿಗೆ.

ಗುಬ್ಬಿಯಲ್ಲಿ ಅವನಿಗೆ ಯಾರೂ ಇರಲಿಲ್ಲ. ಕಂಡಕ್ಟರ್ ಟಿಕೆಟ್ಟಿನ ಕಟ್ಟು ಹಿಡಿದು ಬಂದ. “ಗುಬ್ಬೀಲೇ ಇಳೀತೀರಾ ಯಜಮಾನ್ರೇ, ಇಲ್ಲಾ...”

ಮಕ್ಸೂದ್ ತುಟಿ ಬಿಗಿಹಿಡಿದ. ಈ ಸಲ ಪೂರ್ತಿ ಕೇಳಿಸಿಕೊಳ್ಳೋಣ ಅಂತ ಕಂಡಕ್ಟರನ ಮುಖವನ್ನೇ ನೋಡುತ್ತಾ ಕಾದ.

ಕಂಡಕ್ಟರ್ ಒಂದು ಕ್ಷಣ ನೋಡಿ, ಕಿವಿ ಕೇಳದವನು ಪಾಪ ಅಂದುಕೊಂಡು, ಮುಂದಿನ ಸೀಟಿಗೆ ಹೋದ.